ಕಪ್ಪು ಕೊಕ್ಕಿನ ಗಿಳಿ

"ಗಿಳಿ ಮೊದಲಿನಿಂದಲೂ ಇತ್ತು. ಆ ಕಾಲದ ಯಂತ್ರಗಳಿಗೆ ಅದನ್ನು ಸರಿಯಾಗಿ ತೋರಿಸುವ ಶಕ್ತಿ ಇರಲಿಲ್ಲ, ಅಷ್ಟೆ."

ಹಳೆಯ ವಿಡಿಯೋ ಗೇಮ್ ಒಂದನ್ನು ಹೊಸದಾಗಿ ಹೊರತರುತ್ತಿದ್ದ ಕಂಪನಿಯ ಪ್ರಚಾರ ವಿಭಾಗದ ಮುಖ್ಯಸ್ಥ ಪತ್ರಿಕೆಯವರಿಗೆ ಹೇಳಿದ ಮಾತು ಇದು. ಸ್ಟಿಕ್ಕರ್ ಅಂಗಡಿಯ ಯಜಮಾನ ಅದನ್ನು ಮೊಬೈಲಿನಲ್ಲಿ ನೋಡಿ ಗಟ್ಟಿಯಾಗಿ ಓದಿದ. ಓದಿ, ಕತ್ತರಿಸುವ ಯಂತ್ರದ ಮುಂದೆ ಕೂತಿದ್ದ ಅಕ್ಕನ ಕಡೆ ತಿರುಗಿದ.

"ಏನಮ್ಮಾ, ಇದು ನಿನ್ನ ಗಿಳಿ ಅಲ್ವಾ?"

ಅವಳನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಯಜಮಾನ ಒಬ್ಬ ಮಾತ್ರ ವಯಸ್ಸಿನಲ್ಲಿ ದೊಡ್ಡವನೆಂದು "ಅಮ್ಮಾ" ಎನ್ನುತ್ತಿದ್ದ. ಅಕ್ಕ ಎನ್ನುವುದಕ್ಕೆ ನಿಜವಾದ ಹಕ್ಕು ಇದ್ದದ್ದು ಎರಡು ಬೀದಿಯಾಚೆ ಸಲೂನ್ ಇಟ್ಟುಕೊಂಡಿದ್ದ ತಮ್ಮನಿಗೆ. ಅವನು ಬಂದಾಗಲೆಲ್ಲ ಬಾಗಿಲಿಂದಲೇ "ಅಕ್ಕಾ" ಎಂದು ಕೂಗಿ ಕೂಗಿ ಆ ಹೆಸರು ಎಲ್ಲರ ಬಾಯಿಗೆ ಹತ್ತಿತ್ತು. ಅವಳು ಬರೆಯುತ್ತಿದ್ದ ಚಿತ್ರಗಳ ಮೂಲೆಯಲ್ಲಿಯೂ ಸಹಿಯ ಜಾಗದಲ್ಲಿ ಇರುತ್ತಿದ್ದದ್ದು ಅದೇ: ಅಕ್ಕ.

ಎದ್ದು ಬಂದು ಮೊಬೈಲಿನಲ್ಲಿ ಇಣುಕಿದಳು. ಆ ಗೇಮಿನ ನಾಯಕಿ 'ಸುರಂಗ ರಾಣಿ' ಹೊಸ ರೂಪದಲ್ಲಿ ನಿಂತಿದ್ದಳು. ಮೈತುಂಬ ಕಪ್ಪು ನಿಲುವಂಗಿ. ಸೊಂಟಪಟ್ಟಿಯ ಮೇಲೆ ಕೂತ ಹಸಿರು ಗಿಳಿ.

"ಕೊಕ್ಕು ನೋಡಿ," ಅಂದಳು.

"ನೋಡಿದೆ. ಕಪ್ಪಗಿದೆ."

"ಇಂಥ ಹಸಿರು ಗಿಳಿಗೆ ಕೊಕ್ಕು ಯಾವ ಬಣ್ಣ ಇರುತ್ತೆ?"

"ಕೆಂಪು."

"ಮತ್ತೆ ಇವರ ಗಿಳಿಗೆ ಯಾಕೆ ಕಪ್ಪು? ಮೊದಲಿನಿಂದಲೂ ಇತ್ತಂತೆ. ಕೇಳಿ ಅವರನ್ನ."

"ಮಸಿ ಕುಡಿದಿರಬೇಕು ಬಿಡಮ್ಮ," ಅಂದ ಯಜಮಾನ. ಅವಳು ನಗಲಿಲ್ಲ. ಅವನು ಮೊಬೈಲನ್ನು ಮೆಲ್ಲಗೆ ಜೇಬಿಗಿಟ್ಟ.

ಕೊಕ್ಕು ಕಪ್ಪಗೇಕೆ ಎಂಬುದಕ್ಕೆ ಕಾರಣವಿತ್ತು. ಆ ಕಾರಣ ಇದ್ದದ್ದು ಒಂದೇ ಒಂದು ಮನೆಯಲ್ಲಿ, ಒಂದೇ ಒಂದು ಟಿವಿಯಲ್ಲಿ.

ಅಪ್ಪ ಆ ಟಿವಿಯನ್ನು ಮುಚ್ಚಿಹೋಗುತ್ತಿದ್ದ ಒಂದು ಲಾಡ್ಜಿನಿಂದ ತಂದಿದ್ದ. ಅದರ ಪಿಕ್ಚರ್ ಟ್ಯೂಬಿನಲ್ಲಿ ಕೆಂಪು ಬಣ್ಣ ಸತ್ತಿತ್ತು. ಕೆಂಪು ಹೋದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ: ಕೆಂಪಾಗಿದ್ದದ್ದು ಕಪ್ಪಾಗುತ್ತದೆ, ಹಳದಿಯಾಗಿದ್ದದ್ದು ಹಸಿರಾಗುತ್ತದೆ, ಬಿಳಿಯದು ನೀಲಿ ಹಸಿರಿಗೆ ತಿರುಗುತ್ತದೆ. ವಾರ್ತೆ ಓದುವವರೆಲ್ಲ ವಾಂತಿ ಬರುವ ಮುಖ ಮಾಡಿಕೊಂಡು ಓದುತ್ತಿದ್ದರು. ಅಮ್ಮ ಗೊಣಗಿದರೆ ಅಪ್ಪ, "ಕಲರ್ ಬರುತ್ತೆ ತಾನೇ? ಯಾವ ಕಲರ್ ಬರಬೇಕು ಅಂತ ಅದಕ್ಕೆ ಹೇಳೋಕಾಗುತ್ತಾ?" ಎನ್ನುತ್ತಿದ್ದ. ಅಪ್ಪ, ಅಮ್ಮ ಇಬ್ಬರೂ ಈಗಿಲ್ಲ.

ಆ ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆಯನ್ನು ಎಲ್ಲಿಂದಲೋ ತಂದುಕೊಟ್ಟವನು ಸೋದರಮಾವ. ಜೊತೆಗಿದ್ದದ್ದು ಒಂದೇ ಕ್ಯಾಸೆಟ್. ಅದರ ಮೇಲಿನ ಚಿತ್ರ ಕಿತ್ತುಹೋಗಿ ಬರೀ ಅಂಟು ಉಳಿದಿತ್ತು. ಹೀಗಾಗಿ ರಾಣಿ ನಿಜವಾಗಿ ಹೇಗಿದ್ದಾಳೆಂದು ತಿಳಿಯುವ ದಾರಿಯೇ ಇರಲಿಲ್ಲ. ಟಿವಿ ತೋರಿಸಿದ್ದೇ ರಾಣಿ. ಬೆರಳಿನಷ್ಟು ಎತ್ತರದ, ಚೌಕ ಚೌಕ ಚುಕ್ಕಿಗಳಿಂದ ಮಾಡಿದ ಹೆಂಗಸು. ಕಪ್ಪು ನಿಲುವಂಗಿ ತೊಟ್ಟು ಸುರಂಗದಲ್ಲಿ ಓಡುತ್ತಿದ್ದಳು, ಹಳ್ಳ ಹಾರುತ್ತಿದ್ದಳು, ಬಾವಲಿಗೆ ಸಿಕ್ಕಿ ಸಾಯುತ್ತಿದ್ದಳು, ಮತ್ತೆ ಎದ್ದು ಓಡುತ್ತಿದ್ದಳು. ಸೊಂಟದ ಹತ್ತಿರ ಒಂದು ಹಿಡಿ ಹಸಿರು ಚುಕ್ಕಿ, ತುದಿಯಲ್ಲೊಂದು ಕಪ್ಪು ಚುಕ್ಕಿ. ಅವಳು ಹಾರಿದಾಗ ಹಸಿರು ಚುಕ್ಕಿಗಳು ಮೇಲೆ ಕೆಳಗೆ ಆಡುತ್ತಿದ್ದವು. ರೆಕ್ಕೆ ಬಡಿದ ಹಾಗೆ. ಅದು ಗಿಳಿ. ಆ ಮನೆಯಲ್ಲಿ ಅದರ ಬಗ್ಗೆ ಅನುಮಾನವೇ ಇರಲಿಲ್ಲ. ಗಿಳಿಗೆ ಹಸಿವಾಗುತ್ತಿತ್ತು, ಬಾವಲಿ ಕಂಡರೆ ಭಯವಾಗುತ್ತಿತ್ತು, ರಾಣಿ ಸತ್ತಾಗ ಅದು ಒಂಟಿಯಾಗಿ ಎಲ್ಲಿ ಹೋಗುತ್ತದೆಂದು ಅಕ್ಕ ತಮ್ಮ ಇಬ್ಬರೂ ಹಾಸಿಗೆಯಲ್ಲಿ ಬಿದ್ದುಕೊಂಡು ಮಾತಾಡುತ್ತಿದ್ದರು.

ದೊಡ್ಡವಳಾಗಿ ಸ್ಟಿಕ್ಕರ್ ಅಂಗಡಿಗೆ ಸೇರಿದ ಮೇಲೆ ಅಕ್ಕ ಚಿತ್ರ ಬರೆಯಲು ಶುರುಮಾಡಿದಳು. ಹಗಲೆಲ್ಲ ನಂಬರ್ ಪ್ಲೇಟು, ಅಂಗಡಿ ಗಾಜಿನ ಅಕ್ಷರ. ಮನೆಗೆ ಬಂದು ಬಣ್ಣ. ಹಳೆಯ ಆಟಗಳ ಅಭಿಮಾನಿಗಳದ್ದು ಇಂಟರ್‌ನೆಟ್ಟಿನಲ್ಲಿ ಒಂದು ದೊಡ್ಡ ಬಳಗವಿತ್ತು. ಅಲ್ಲಿ ಎಲ್ಲರೂ ತಮ್ಮ ಇಷ್ಟದ ಪಾತ್ರಗಳನ್ನು ಬರೆದು ಹಾಕುತ್ತಿದ್ದರು. ಫ್ಯಾನ್ ಆರ್ಟ್ ಎಂದು ಅದಕ್ಕೆ ಹೆಸರು. ಅಕ್ಕ ತನ್ನ ಮೊದಲ ಚಿತ್ರ ಹಾಕಿದ ದಿನ ನಗೆಯೋ ನಗೆ. "ಸುರಂಗ ರಾಣಿಯ ನಿಲುವಂಗಿ ಕೆಂಪು, ತಾಯಿ." "ಸೊಂಟದಲ್ಲಿರೋದು ಚಾಕು. ಹಳದಿ ಒರೆ, ತುದಿಗೆ ಕೆಂಪು ಕುಚ್ಚು. ಗಿಳಿ ಎಲ್ಲಿಂದ ಹಾರಿಬಂತು?" "ಯಾರಾದರೂ ಅಕ್ಕನಿಗೆ ಕಣ್ಣು ಪರೀಕ್ಷೆ ಮಾಡಿಸಿ." ಅವಳು ಹಳೆಯ ಆಟದ ಸಾಮಾನು ಮಾರುವವನೊಬ್ಬನ ಹತ್ತಿರ ಹೋಗಿ ಒಳ್ಳೆಯ ಪರದೆಯ ಮೇಲೆ ಆ ಆಟ ಹಾಕಿಸಿ ನೋಡಿದಳು. ಕೆಂಪು ನಿಲುವಂಗಿಯ ಯಾವಳೋ ಹೆಂಗಸು ಚಾಕು ಸಿಕ್ಕಿಸಿಕೊಂಡು ಓಡುತ್ತಿದ್ದಳು. ತನ್ನ ಗುರುತಿನವಳು ಬೇರೆಯವರ ಬಟ್ಟೆ ತೊಟ್ಟು, ಮುಖ ತಿರುಗಿಸಿಕೊಂಡು ಹೋದಂತಾಯಿತು ಅವಳಿಗೆ.

ಬೇರೆಯವರಾಗಿದ್ದರೆ ತಿದ್ದಿಕೊಳ್ಳುತ್ತಿದ್ದರು. ಅಕ್ಕ ತಿದ್ದಿಕೊಳ್ಳಲಿಲ್ಲ. ಕಪ್ಪು ನಿಲುವಂಗಿ ಒಗೆದು ಒಣಹಾಕುತ್ತಿರುವ ರಾಣಿ, ಸತ್ತ ರಾಣಿಯ ಪಕ್ಕ ಕಾದು ಕೂತ ಗಿಳಿ, ಸುರಂಗದ ಬಾಯಲ್ಲಿ ಇಬ್ಬರೂ ಹೊರಗಿನ ಬೆಳಕು ನೋಡುತ್ತ ನಿಂತದ್ದು, ಹೀಗೆ ಆಟದಲ್ಲಿ ಎಲ್ಲಿಯೂ ಇಲ್ಲದ್ದನ್ನು ವರ್ಷಗಟ್ಟಲೆ ಬರೆದಳು. ಕೆಟ್ಟ ಟಿವಿಯ ಕಥೆಯನ್ನೂ ಒಮ್ಮೆ ಬಳಗದಲ್ಲಿ ಹೇಳಿಕೊಂಡಿದ್ದಳು. ನಕ್ಕವರು ಮೆಲ್ಲಗೆ ನಗುವುದನ್ನು ನಿಲ್ಲಿಸಿದರು. ಆಮೇಲೆ ಅವರೂ ಗಿಳಿ ಬರೆಯತೊಡಗಿದರು. ಟೋಪಿಯ ಮೇಲೆ, ತೋಳಿನ ಹಚ್ಚೆಯಲ್ಲಿ, ಫೋನಿನ ಕವರಿನ ಮೇಲೆ ಕಪ್ಪು ಕೊಕ್ಕಿನ ಗಿಳಿ ಬಂತು. ಚಾಕು ಯಾರಿಗೂ ನೆನಪಿರಲಿಲ್ಲ.

ಈಗ ಕಂಪನಿಗೂ ಇಲ್ಲ.

ಅವಳು ಕಂಪನಿಗೆ ಬರೆದ ಯಾವ ಪತ್ರಕ್ಕೂ ಉತ್ತರ ಬರಲಿಲ್ಲ. ಬದಲಿಗೆ ಒಂದು ಆಹ್ವಾನ ಬಂತು. ಹೊಸ ಆಟ ಬಿಡುಗಡೆಯಾಗುವ ಹೊತ್ತಿಗೆ ಅಭಿಮಾನಿ ಚಿತ್ರಗಳ ಪ್ರದರ್ಶನ ಇಟ್ಟುಕೊಂಡಿದ್ದೇವೆ, ನಿಮ್ಮದೊಂದು ಚಿತ್ರ ಬೇಕು ಎಂದು. ಅಕ್ಕ ಅಂಗಡಿಗೆ ರಜೆ ಹಾಕಿ ಕಂಪನಿಯ ಕಚೇರಿಗೆ ಹೋದಳು. ಪ್ರದರ್ಶನದ ಉಸ್ತುವಾರಿ ಹೊತ್ತವನು ತೆಳ್ಳಗಿನ, ತಾಳ್ಮೆಯ ಮನುಷ್ಯ. ಅವಳ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿದ್ದ. ಅದು ಅವನ ಮಾತಿನಲ್ಲೇ ಗೊತ್ತಾಗುತ್ತಿತ್ತು. ಅವಳು ಟಿವಿಯ ಕಥೆ ಹೇಳಿದಳು, ಕೊಕ್ಕಿನ ಬಣ್ಣ ಯಾಕೆ ಹಾಗೆಂದು ಬಿಡಿಸಿ ಹೇಳಿದಳು. ಅವನು ತಲೆದೂಗಿದ.

"ನಂಗೆ ಅನುಮಾನ ಇಲ್ಲ ಅಕ್ಕಾ. ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ರಾಣಿ ನಮ್ಮವಳು. ನೀವು ಬರೆದ್ರಿ, ನಾವು ಬೇಡ ಅನ್ನಲಿಲ್ಲ. ಬೇರೆಯವರ ಮನೆಯಲ್ಲಿ ಹೋಗಿ ಅಡುಗೆ ಮಾಡಿದ ಹಾಗೆ ಅದು. ಒಲೆ ನಮ್ಮದು, ಪಾತ್ರೆ ನಮ್ಮದು."

"ಮಾಡಿದ ಕೈ?"

"ಅದಕ್ಕೇ ನಿಮ್ಮನ್ನ ಕರೆದಿದ್ದು."

"ಮೊದಲಿನಿಂದಲೂ ಇತ್ತು ಅಂತ ಪೇಪರಿನವರಿಗೆ ಹೇಳಿದಾರಲ್ಲ ನಿಮ್ಮ ಸಾಹೇಬರು? ಅದನ್ನ ವಾಪಸ್ ತಗೊಳ್ಳಿ."

ಉಸ್ತುವಾರಿ ನಕ್ಕ. "ಅವರು ಆಡಿದ ಮಾತು ವಾಪಸ್ ತಗೊಂಡಿದ್ದನ್ನ ಅವರ ಹೆಂಡತಿಯೂ ನೋಡಿಲ್ಲ." ಆಮೇಲೆ ದನಿ ತಗ್ಗಿಸಿದ. "ನನ್ನ ಕೈಯಲ್ಲಿ ಇರೋದು ಒಂದು. ನಿಮ್ಮ ಚಿತ್ರದ ಕೆಳಗೆ ಗೋಡೆ ಮೇಲೆ ಒಂದು ಸಾಲು ಹಾಕಿಸಬಲ್ಲೆ. ನಿಮ್ಮ ಹೆಸರು, ಗಿಳಿ, ಎರಡೂ ಇರೋ ಸಾಲು. ಜೊತೆಗೆ ಒಂದು ಪುಟ್ಟ ವಿಡಿಯೋ. ಕೆಟ್ಟ ಟಿವಿ, ಅಕ್ಕ ತಮ್ಮ, ಒಂದೇ ಕ್ಯಾಸೆಟ್ಟು, ಜನಕ್ಕೆ ಇಂಥದ್ದು ತುಂಬ ಹಿಡಿಸುತ್ತೆ. ಆದ್ರೆ ತಮ್ಮನೂ ಬಂದು ಹೇಳಬೇಕು. ಒಬ್ಬರು ಹೇಳಿದ್ರೆ ಹಠ ಅಂತಾರೆ, ಇಬ್ಬರು ಹೇಳಿದ್ರೆ ನೆನಪು ಅಂತಾರೆ."

"ಸಾಲಿನಲ್ಲಿ ಏನಿರುತ್ತೆ?"

ಅವನು ಪೆನ್ನು ತೆಗೆದು ಬರೆದು ತೋರಿಸಿದ. *ಈ ಗಿಳಿಯನ್ನು ಮೊದಲು ಕಂಡವರು: ಅಕ್ಕ.*

ಅಕ್ಕ ಆ ಸಾಲನ್ನು ತುಟಿ ಅಲುಗಿಸುತ್ತ ಓದಿಕೊಂಡಳು. ಬಸ್ಸಿನಲ್ಲಿ ಬರುವಾಗಲೂ ಓದಿಕೊಂಡಳು. ಇಷ್ಟು ವರ್ಷ ಪರರ ಪಾತ್ರ ಬರೆಯುವವಳು ಎಂದು ಮೂಗು ಮುರಿದವರು ಎಷ್ಟು ಜನ. ತನ್ನದು ಎಂದು ಬೆರಳಿಟ್ಟು ತೋರಿಸಲು ಅವಳ ಬಳಿ ಬೇರೇನೂ ಇರಲಿಲ್ಲ.

ಸಲೂನಿಗೆ ಹೋದಾಗ ತಮ್ಮ ಒಬ್ಬ ಗಿರಾಕಿಗೆ ಸೋಪು ಹಚ್ಚುತ್ತಿದ್ದ. ಗಿರಾಕಿ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ದಿನಾ ಬಂದು ಕೂರುವವನು. ಬೀದಿಯಲ್ಲಿ ಯಾರ ಮಾತಿಗೂ ಬಾಯಿ ಹಾಕದೆ ಬಿಟ್ಟವನಲ್ಲ.

"ಬಾ ಅಕ್ಕಾ, ಬಾ. ಕೂತ್ಕೋ. ಏನು, ಮುಖ ಇಷ್ಟು ಫಳಫಳ ಅಂತಿದೆ? ಯಜಮಾನ ಸಂಬಳ ಜಾಸ್ತಿ ಮಾಡಿದ್ನಾ?"

"ಅವನು ಜಾಸ್ತಿ ಮಾಡೋದು ಕೆಲಸ ಮಾತ್ರ," ಅಂದಳು ಅಕ್ಕ, ಬೆಂಚಿನ ಮೇಲೆ ಕೂತು. "ನಮ್ಮ ಹಳೇ ಟಿವಿ ನೆನಪಿದೆಯಾ ನಿಂಗೆ?"

"ಲಾಡ್ಜ್ ಟಿವಿ! ಮರೆಯೋದುಂಟಾ? ಎಲ್ಲರೂ ಕಾಮಾಲೆ ಬಂದವರ ಹಾಗೆ ಕಾಣೋರು."

"ಕಾಮಾಲೆಗೆ ಹಳದಿ ಕಣೋ," ಅಂದ ಕಂಡಕ್ಟರ್ ಸೋಪಿನ ನೊರೆಯೊಳಗಿಂದ.

"ನಮ್ಮ ಟಿವಿಯಲ್ಲಿ ಹಳದಿಯೂ ಹಸಿರೇ ಕಂಡಕ್ಟ್ರೇ. ನೀವು ಸುಮ್ನೆ ಕೂರಿ, ಬ್ಲೇಡು ಇದೆ ಕೈಲಿ."

ಅಕ್ಕ ಎಲ್ಲವನ್ನೂ ಹೇಳಿದಳು. ತಮ್ಮ ಕೈ ನಿಲ್ಲಿಸಿ ಕೇಳಿದ. ನಡುನಡುವೆ "ಅರೆ!" ಎಂದ, "ಮುಂಡೇವು!" ಎಂದ. ಕಂಪನಿಯ ಮುಖ್ಯಸ್ಥನ ಮಾತು ಕೇಳಿದಾಗ ಬ್ಲೇಡು ಹಿಡಿದ ಕೈಯನ್ನೇ ಗಾಳಿಯಲ್ಲಿ ಆಡಿಸಿಬಿಟ್ಟ, ಕಂಡಕ್ಟರ್ ಕುರ್ಚಿಯಲ್ಲೇ ಹಿಂದೆ ಸರಿದ. ಪೂರ್ತಿ ಕೇಳಿದ ಮೇಲೆ ತಮ್ಮನ ಮುಖ ಅರಳಿತು.

"ಬರ್ತೀನಿ ಅಕ್ಕಾ, ಅಂಗಡಿ ಮುಚ್ಚಿ ಬರ್ತೀನಿ. ಎಲ್ಲ ಹೇಳ್ತೀನಿ. ನೀನು ಅದು ಕತ್ತಿ ಕಣೋ, ಕತ್ತಿ ಕಣೋ ಅಂತ ತಲೆ ಮೇಲೆ ಮೊಟಕಿದ್ದು, ನಾನು ಗಿಳಿ ಅಂತ ನೆಲದ ಮೇಲೆ ಬಿದ್ದು ಹೊರಳಾಡಿದ್ದು, ಕೊನೆಗೆ ಅಮ್ಮ ಬಂದು 'ಗಿಳಿ ಅನ್ನೇ, ನಿನ್ನ ಗಂಟೇನು ಹೋಗುತ್ತೆ' ಅಂತ ನಿಂಗೇ ಬೈದಿದ್ದು..."

ಅವನು ನಗುತ್ತಲೇ ಇದ್ದ. ಅಕ್ಕನ ನಗು ಮಾತ್ರ ನಿಂತಿತ್ತು.

ಸುಳ್ಳು ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನೆನಪೇ ಎದುರು ಬಂದು ನಿಂತಿತು. ತಣ್ಣನೆಯ ನೆಲ, ಕೈಕಾಲು ಬಡಿಯುತ್ತಿದ್ದ ತಮ್ಮ, ಸಿಂಬಳ, "ಅದಕ್ಕೆ ರೆಕ್ಕೆ ಇದೆ, ನೋಡು, ರೆಕ್ಕೆ ಇದೆ" ಎಂಬ ಕೂಗು. ತಾನು ಕತ್ತಿ ಅಂದದ್ದು. ಅವನನ್ನು ಸುಮ್ಮನಾಗಿಸಲು "ಆಯ್ತು, ಗಿಳಿ" ಎಂದು ಹಲ್ಲು ಕಚ್ಚಿ ಒಪ್ಪಿಕೊಂಡದ್ದು. ಆಮೇಲೆ, ಬೇಡ ಬೇಡವೆಂದರೂ ಅದು ತನಗೂ ಗಿಳಿಯಾಗಿಯೇ ಕಂಡದ್ದು.

"ಯಾರು ಮೊದಲು ಅಂದ್ರು ಅನ್ನೋದೆಲ್ಲ ಅಲ್ಲಿ ಬೇಡ," ಅಂದಳು. "ಟಿವಿ ಕೆಟ್ಟಿತ್ತು, ಕೆಂಪು ಬರ್ತಿರಲಿಲ್ಲ. ಅಷ್ಟು ಹೇಳು."

"ಯಾಕೆ?"

"ಅವರು ಹಾಕೋದು ಒಂದೇ ಸಾಲು."

"ಒಂದು ಸಾಲಿನಲ್ಲಿ ಇಬ್ಬರು ಹಿಡಿಸಲ್ವಾ?"

"ಸಿಂಗಲ್ ಸೀಟು ಕಣಯ್ಯಾ ಅದು," ಅಂದ ಕಂಡಕ್ಟರ್. "ಒಬ್ಬರು ಎದ್ದು ನಿಲ್ಲಬೇಕು."

"ನೀನು ಒಂದು ಮಾತು ಅಂದೆ," ಅಂದಳು ಅಕ್ಕ. ದನಿ ಅವಳು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ಬಾಯಿಗೆ ಬಂದದ್ದು ಅಂದೆ. ಮಕ್ಕಳು ಅಂತಾರೆ. ಆಮೇಲೆ ನೀನು ಅದರ ಕಡೆ ತಿರುಗಿ ನೋಡಿದ್ಯಾ? ಊರು ತುಂಬ ಜನ ನಕ್ಕಾಗ ಕೂತು ಬರೆದವಳು ಯಾರು? ಮಾಡಿದ ಕೈ ನನ್ನದು."

"ಕೈ ನಿನ್ನದೇ ಅಕ್ಕಾ. ನಾನೆಲ್ಲಿ ಇಲ್ಲ ಅಂದೆ?" ತಮ್ಮ ಬ್ಲೇಡನ್ನು ಟವೆಲಿಗೆ ಒರೆಸಿದ. "ಕಣ್ಣು ನಂದು."

ಅವನು ಅದನ್ನು ಜಗಳಕ್ಕೆ ಅನ್ನಲಿಲ್ಲ. ಇನ್ನೂ ನಗುಮುಖದಲ್ಲೇ ಇದ್ದ. ಜೀವನದಲ್ಲಿ ಯಾವುದಕ್ಕೂ ತನ್ನ ಹೆಸರು ಹಚ್ಚಿಕೊಳ್ಳದವನು. ಸಲೂನಿನ ಬೋರ್ಡಿನ ಮೇಲೆ ಇವತ್ತಿಗೂ ಹಿಂದಿನ ಮಾಲೀಕನ ಹೆಸರೇ ಇತ್ತು. ಕಂಡಕ್ಟರನ ಕೆನ್ನೆಯನ್ನು ಎರಡು ಬೆರಳಿನಿಂದ ಬಿಗಿಹಿಡಿದು, ಕನ್ನಡಿಯೊಳಗಿಂದಲೇ ಅಕ್ಕನನ್ನು ನೋಡಿ ಹೇಳಿದ:

"ಬಿಡು, ನಾನೇ ಹೇಳ್ಕೊಂಡ್ರೆ ಚೆನ್ನಾಗಿರಲ್ಲ. ನೀನೇ ಹೇಳು. 'ಮೊದಲು ಅಂದಿದ್ದು ನಮ್ಮ ತಮ್ಮ' ಅಂತ ಮಾತಿನ ಮಧ್ಯೆ ಒಂದು ಸಲ ಅಂದುಬಿಡು, ಸಾಕು. ಸಾಲು ನೀನೇ ಇಟ್ಕೋ. ನಂಗೆ ಗೋಡೆ ಎಲ್ಲ ಬೇಡ."

ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಮ್ಮ ಅದನ್ನು ಹೂಂ ಎಂದೇ ತಿಳಿದುಕೊಂಡ.

ಮನೆಗೆ ಬಂದವಳು ಉಸ್ತುವಾರಿಗೆ ಫೋನ್ ಮಾಡಿದಳು. "'ಮೊದಲು ಕಂಡವರು' ಬೇಡ. 'ಮೊದಲು ಬರೆದವರು' ಅಂತ ಹಾಕಿ."

"ಆಗಲ್ಲ ಅಕ್ಕಾ. ವಕೀಲರು ನೋಡೇ ಒಪ್ಪಿದ್ದು ಆ ಪದ. ಬರೆದವರು ಅಂದ್ರೆ ಅದು ಮೊದಲು ಇರಲಿಲ್ಲ, ನೀವು ಮಾಡಿದ್ರಿ ಅಂತಾಗುತ್ತೆ. ಕಂಡವರು ಅಂದ್ರೆ ಇತ್ತು, ನಿಮ್ಮ ಕಣ್ಣಿಗೆ ಬಿತ್ತು ಅಂತಾಗುತ್ತೆ. ನಮ್ಮ ಸಾಹೇಬರ ಮಾತೂ ಉಳಿಯುತ್ತೆ, ನಿಮ್ಮ ಹೆಸರೂ ಬರುತ್ತೆ."

ಅಕ್ಕ ಫೋನು ಕಿವಿಗೆ ಹಿಡಿದೇ ನಿಂತಿದ್ದಳು. ಒಂದೇ ಒಂದು ಪದ. ಆ ಪದದಲ್ಲಿ ಕಂಪನಿಯ ಸುಳ್ಳು ಕಾಲು ಚಾಚಿಕೊಂಡು ಮಲಗಿತ್ತು. ಬಸ್ಸಿನಲ್ಲಿ ಅಷ್ಟು ಸಲ ಓದಿಕೊಂಡರೂ ಕಣ್ಣಿಗೆ ಬಿದ್ದಿರಲಿಲ್ಲ.

"ಬೇಡ ಅಂದ್ರೆ ಸಾಲೇ ಬೇಡ ಅಂತ ಬಿಡ್ತಾರೆ," ಅಂದ ಉಸ್ತುವಾರಿ, ಅನುಕಂಪದಿಂದಲೇ. "ಏನು ಮಾಡಲಿ ಹೇಳಿ."

"ಇರಲಿ," ಅಂದಳು ಅಕ್ಕ.

ಗೋಡೆಗೆ ಒರಗಿಸಿಟ್ಟ ಚಿತ್ರಗಳ ಮಧ್ಯೆ ಹೋಗಿ ಕೂತಳು. ಎಲ್ಲವನ್ನೂ ಒಂದು ಸಲ ಹಂಚಿ ನೋಡಿದಳು. ರಾಣಿ ಕಂಪನಿಯವಳು. ಕಪ್ಪು ಬಣ್ಣ ಆ ಲಾಡ್ಜ್ ಟಿವಿಯದು. ಗಿಳಿ ತಮ್ಮನದು. ತನ್ನ ಪಾಲಿಗೆ ಉಳಿದದ್ದು ಕುಂಚ, ಬಣ್ಣ, ಬೆನ್ನು ನೋವು. ಅದೇನು ಕಡಿಮೆಯದಲ್ಲ ಎಂದು ಬೇರೆ ಯಾರಿಗಾದರೂ ಅವಳೇ ಸಮಾಧಾನ ಹೇಳುತ್ತಿದ್ದಳು. ತನಗೆ ಹೇಳಿಕೊಳ್ಳಲು ಆಗಲಿಲ್ಲ.

ಚಿತ್ರೀಕರಣದ ದಿನ ತಮ್ಮ ಅವಳಿಗಿಂತ ಮೊದಲೇ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಯಾರ ಕೈಯಲ್ಲೋ ಮಾಡಿಸಿಕೊಂಡ ನೀಟಾದ ಕ್ರಾಪು. ಪ್ರದರ್ಶನದ ಸಭಾಂಗಣದಲ್ಲಿ ಇನ್ನೂ ಕೆಲಸ ನಡೆದಿತ್ತು. ಏಣಿ ಹತ್ತಿದವರು ದೀಪ ತಿರುಗಿಸುತ್ತಿದ್ದರು, ನೆಲದ ತುಂಬ ಪ್ಯಾಕಿಂಗ್ ಹಾಳೆ. ಗೋಡೆಗಳ ಮೇಲೆ ಹಳೆಯ ಕಾಲದ ಆಟಗಳ ಮಂದಿಯೆಲ್ಲ ಬಂದು ನಿಂತಿದ್ದರು: ಇಟ್ಟಿಗೆ ಒಡೆಯುವ ಚೆಂಡು, ಗುಂಡು ಹಾರಿಸುವ ವಿಮಾನ, ಓಡಿ ಜಿಗಿಯುವ ಬೆಕ್ಕು ನಾಯಿ, ಎಲ್ಲ ಯಾರ ಯಾರದೋ ಕೈಯಲ್ಲಿ ಹೊಸ ಹುಟ್ಟು ಪಡೆದವರು. ಅಕ್ಕನ ಚಿತ್ರಕ್ಕೆ ಒಳ್ಳೆಯ ಜಾಗ ಸಿಕ್ಕಿತ್ತು. ಒಳಗೆ ಬಂದವರು ಮೊದಲು ನೋಡುವ ಗೋಡೆ. ಕೆಳಗೆ ಸಾಲಿನ ಜಾಗ ಖಾಲಿ ಇತ್ತು.

ತಮ್ಮ ಕ್ಯಾಮೆರಾದವನ ಜೊತೆ ಆಗಲೇ ಸಲಿಗೆ ಬೆಳೆಸಿಕೊಂಡಿದ್ದ. "ಸೈಡಿನಲ್ಲಿ ಕೂದಲು ಇಷ್ಟು ಬಿಟ್ಟಿದ್ದೀರಲ್ಲ ಸಾರ್, ಅದು ಸ್ಟೈಲಾ, ಇಲ್ಲ ಮರೆತಿದ್ದಾ? ಒಂದಿನ ಅಂಗಡಿಗೆ ಬನ್ನಿ."

ಇಬ್ಬರನ್ನೂ ಚಿತ್ರದ ಮುಂದೆ ಅಕ್ಕಪಕ್ಕ ಕೂರಿಸಿದರು. ಉಸ್ತುವಾರಿ ಕ್ಯಾಮೆರಾದ ಪಕ್ಕ ನಿಂತು ಪ್ರಶ್ನೆ ಕೇಳುತ್ತ ಹೋದ. ಟಿವಿ ಎಲ್ಲಿಂದ ಬಂತು, ಯಾವ ಬಣ್ಣ ಹೇಗೆ ಕಾಣುತ್ತಿತ್ತು. ಅಕ್ಕ ಲೆಕ್ಕ ತಪ್ಪದಂತೆ ಹೇಳಿದಳು. ತಮ್ಮ ವಾರ್ತೆಯವರ ವಾಂತಿ ಮುಖ ಮಾಡಿ ತೋರಿಸಿದ. ಏಣಿಯ ಮೇಲಿದ್ದವರೂ ನಕ್ಕರು.

"ಸರಿ. ಈಗ ಗಿಳಿಗೆ ಬರೋಣ," ಅಂದ ಉಸ್ತುವಾರಿ. "ಅದನ್ನ ಮೊದಲು ಗಿಳಿ ಅಂತ ಅಂದಿದ್ದು ಯಾರು?"

ತಮ್ಮ ಅಕ್ಕನ ಕಡೆ ನೋಡಿದ. ಕಣ್ಣಿನಲ್ಲೇ, ಹೇಳು, ಅಂದ. ಪರೀಕ್ಷೆಯಲ್ಲಿ ತನಗೆ ಬಂದ ಅಂಕವನ್ನು ಬೇರೆಯವರ ಬಾಯಿಂದ ಕೇಳಲು ಕಾಯುವ ಹುಡುಗನ ಹಾಗೆ ತುಟಿ ಬಿಗಿಹಿಡಿದಿದ್ದ.

"ನಾನು," ಅಂದಳು ಅಕ್ಕ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಬಾಯಿ ತಪ್ಪಿ ಬಂದದ್ದು ಎಂದಾದರೂ ಆಗುತ್ತಿತ್ತು. ಆದರೆ ಎದುರಿಗಿದ್ದವರು ಇನ್ನಷ್ಟು ಬೇಕೆಂಬಂತೆ ಮುಂದಕ್ಕೆ ಬಾಗಿದ್ದರು. ಅವಳ ಬಾಯಿ ತಾನಾಗಿ ಮುಂದೆ ಹೋಯಿತು.

"ಇವನು ಕತ್ತಿ ಅಂತ ಹಠ ಹಿಡಿದ. ನಾನು ಗಿಳಿ ಅಂದೆ. ಅದಕ್ಕೆ ರೆಕ್ಕೆ ಇದೆ ನೋಡೋ ಅಂದೆ. ಇವನು ನೆಲದ ಮೇಲೆ ಬಿದ್ದು ಹೊರಳಾಡಿಬಿಟ್ಟ. ಅಮ್ಮ ಬಂದು ಇವನಿಗೇ ಬೈದಳು, ಗಿಳಿ ಅನ್ನೋ, ನಿನ್ನ ಗಂಟೇನು ಹೋಗುತ್ತೆ ಅಂತ."

ಕ್ಯಾಮೆರಾದವನು ಹಲ್ಲು ಬಿಟ್ಟ. ಉಸ್ತುವಾರಿ ಖುಷಿಯಿಂದ ತಮ್ಮನ ಕಡೆ ತಿರುಗಿದ. "ಹೌದಾ? ಕತ್ತಿ ಅಂದಿದ್ರಾ ನೀವು?"

ತಮ್ಮ ಅಕ್ಕನ ಕಡೆ ನೋಡಲಿಲ್ಲ. ಮೊಣಕಾಲಿನ ಮೇಲಿದ್ದ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ.

"ಅಕ್ಕ ಹೇಳಿದ ಮೇಲೆ ಆಯ್ತಲ್ಲ ಸಾರ್."

"ಹಾಗಲ್ಲ, ನಿಮ್ಮ ಬಾಯಲ್ಲಿ ಬರಬೇಕು. ಇಬ್ಬರೂ ಹೇಳಿದ್ರೇನೇ ನಂಗೆ ಆ ಸಾಲು ಹಾಕೋಕಾಗೋದು."

ಏಣಿಯ ಮೇಲಿನವನು ದೀಪ ಸರಿಪಡಿಸುತ್ತಿದ್ದ. ಬೆಳಕು ತಮ್ಮನ ಮುಖದ ಮೇಲೆ ಬಂದು ಹೋಯಿತು. ಅಕ್ಕನಿಗೆ ಆ ಹೊತ್ತಿನಲ್ಲಿ ಎರಡೂ ಬೇಕಾಗಿತ್ತು. ಅವನು ಇಲ್ಲ ಎನ್ನಬೇಕು, ತನ್ನನ್ನು ಅಲ್ಲಿಯೇ ಹಿಡಿದು ನಿಲ್ಲಿಸಬೇಕು ಎಂದೂ ಅನಿಸಿತು. ಇಲ್ಲ ಎಂದುಬಿಟ್ಟರೆ ಏನು ಗತಿ ಎಂಬ ಭಯವೂ ಇತ್ತು.

"ಹೌದು ಸಾರ್," ಅಂದ ತಮ್ಮ. "ನಾನು ಕತ್ತಿ ಅಂದೆ. ನಂಗೆ ಗಿಳಿ ಕಾಣಲಿಲ್ಲ."

"ಫಸ್ಟ್ ಕ್ಲಾಸ್!" ಅಂದ ಉಸ್ತುವಾರಿ. "ಇದೇ ಬೇಕಾಗಿತ್ತು."

ಸಾಲು ಸ್ಟಿಕ್ಕರಿನಲ್ಲಿ ಮೊದಲೇ ಕತ್ತರಿಸಿ ಸಿದ್ಧವಾಗಿತ್ತು. ಕೆಲಸದವರು ಅದನ್ನು ಗೋಡೆಗೆ ಅಂಟಿಸಿ, ಮೇಲಿನ ಹಾಳೆಯನ್ನು ಒಂದು ಮೂಲೆಯಿಂದ ಹಿಡಿದು ಮೆಲ್ಲಗೆ ಎಳೆದರು. ಒಂದೊಂದೇ ಅಕ್ಷರ ಗೋಡೆಯಲ್ಲಿ ಉಳಿಯುತ್ತ ಹೋಯಿತು. ಅಕ್ಕ ದಿನವಿಡೀ ಮಾಡುವ ಕೆಲಸವೇ ಅದು. ಯಾವ ಅಕ್ಷರದ ಕೆಳಗೆ ಗಾಳಿ ಸಿಕ್ಕಿದೆ, ಯಾವುದು ಕೂದಲೆಳೆಯಷ್ಟು ಓರೆಯಾಗಿದೆ ಎಂದು ಅವಳಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಇಲ್ಲಿ ಎಲ್ಲ ಸರಿಯಾಗಿತ್ತು. *ಈ ಗಿಳಿಯನ್ನು ಮೊದಲು ಕಂಡವರು: ಅಕ್ಕ.* ಕ್ಯಾಮೆರಾದವನು ಅದರ ಮುಂದೆ ಅವಳನ್ನು ನಿಲ್ಲಿಸಿ ಫೋಟೋ ತೆಗೆದ. ಉಸ್ತುವಾರಿ ಕೈ ಕುಲುಕಿ, ಬೇರೆ ಗೋಡೆಯ ಕಡೆ ಯಾರೋ ಕರೆದರೆಂದು ಹೋದ. ಕ್ಯಾಮೆರಾದವನು ತನ್ನ ಸಾಮಾನು ಎತ್ತಿಕೊಂಡು ಅವನ ಹಿಂದೆ ಹೋದ.

ತಮ್ಮ ಸ್ವಲ್ಪ ದೂರದಲ್ಲಿ ನಿಂತು ಸಾಲನ್ನು ಓದುತ್ತಿದ್ದ. ಓದಿ ಮುಗಿಸಿದ ಮೇಲೂ ನಿಂತಿದ್ದ.

"ಏನೋ," ಅಂದಳು ಅಕ್ಕ. "ಅದೇನೋ ಆ ಹೊತ್ತಿಗೆ ಬಾಯಿಗೆ ಬಂದುಬಿಡ್ತು ಕಣೋ. ವಿಡಿಯೋ ಯಾರು ನೋಡ್ತಾರೆ ಬಿಡು."

ಅವನು ಚಿತ್ರದ ಹತ್ತಿರ ಬಂದು ಗಿಳಿಯನ್ನು ನೋಡಿದ. ಅಕ್ಕ ಈ ಚಿತ್ರದಲ್ಲಿ ಅದರ ಗರಿ ಗರಿಯನ್ನೂ ಬರೆದಿದ್ದಳು.

"ಚೆನ್ನಾಗಿದೆ," ಅಂದ. "ರೆಕ್ಕೆ ತುಂಬ ಚೆನ್ನಾಗಿ ಬಂದಿದೆ."

"ಹೋಗ್ತಾ ಎಲ್ಲಾದ್ರೂ ಊಟ ಮಾಡ್ಕೊಂಡು ಹೋಗೋಣ. ನಿಂಗೆ ಅಂಗಡಿ ಇವತ್ತು ಹೆಂಗೂ ರಜೆ."

ತಮ್ಮ ಅಂಗಿಯ ತೋಳು ಸರಿಮಾಡಿಕೊಂಡ. ಅವನ ದನಿಯಲ್ಲಿ ಕೋಪವಿರಲಿಲ್ಲ. ಅಂಗಡಿಗೆ ಮೊದಲ ಸಲ ಬಂದ ಗಿರಾಕಿಯ ಜೊತೆ ಮಾತಾಡುವಾಗ ಇರುವ ಮರ್ಯಾದೆ ಇತ್ತು.

"ಇಲ್ಲ, ನೀವು ಇರಿ. ನಿಮಗೆ ಇಲ್ಲಿ ಇನ್ನೂ ಕೆಲಸ ಇರುತ್ತೆ. ನಾನು ಬರ್ತೀನಿ."

ಉಸ್ತುವಾರಿ ವಾಪಸ್ ಬಂದಿರಬೇಕು, ಅವನಿಗೆ ಹೇಳುತ್ತಿದ್ದಾನೆ ಎಂದುಕೊಂಡು ಅಕ್ಕ ಹಿಂದೆ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ.